ಮಲಗನ್ನಡಿಯೂ ತಿಪ್ಪಿಯ ಡಬ್ಬಿಯೂ

ತಂಪೂರು, ಏಳನೆಯ ಅಂತಸ್ತು
ಇಳಿಕೆಯ ವರ್ಷ ೧೮೮, ಹದಿಮೂರನೆಯ ತಿಂಗಳ ಮೂವತ್ತಮೂರನೆಯ ದಿನ

ಇನ್ನೂ ನೆಲದ ಮೇಲೆ ಬದುಕುತ್ತಿರುವ ಹಿರಿಯರಿಗೆ ಹುಲಿಗೆವ್ವನ ನಮಸ್ಕಾರ.

ಮೇಲಿನ ತಾರೀಖನ್ನು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮವರು ಬಿಸಿಲಿಗೆ ಹೆದರಿ ನೆಲದೊಳಗೆ ಇಳಿದ ವರ್ಷದಿಂದ ನಮ್ಮ ಎಣಿಕೆ ಶುರುವಾಗುತ್ತದೆ. ಹದಿಮೂರನೆಯ ತಿಂಗಳಿಗೆ ಬಿಸಿಲುಮಾಸ ಎಂದು ಹೆಸರು. ಅದಕ್ಕೆ ಇಷ್ಟೇ ದಿನ ಎಂಬ ಮಿತಿಯಿಲ್ಲ, ಮೊದಲ ಮಳೆ ಬೀಳುವವರೆಗೂ ಅದೇ ತಿಂಗಳು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಅವುಗಳನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಿಮಗೆ ಚೆನ್ನಾಗಿ ಗೊತ್ತಿದ್ದರೂ ಬರವಣಿಗೆಯಲ್ಲಿ ಕಂಡರೆ ಮುಖ ಸಿಂಡರಿಸುವಂಥ ಪದಗಳೂ ಬರುತ್ತವೆ. ಮೊದಲನೆಯದಕ್ಕೆ ಕ್ಷಮೆ ಕೇಳುತ್ತೇನೆ. ಎರಡನೆಯದಕ್ಕೆ ಕೇಳುವುದಿಲ್ಲ.

ಐವತ್ತು ತುಂಬಿದ ಪ್ರತಿಯೊಬ್ಬರಿಗೂ ನಮ್ಮಲ್ಲಿ ಒಂದು ಹಿಂದೋಲೆ ಬರೆಯುವ ಹಕ್ಕಿದೆ. ಹಿಂದೋಲೆ ಎಂದರೆ ಹಿಂದಿನ ಕಾಲದವರಿಗೆ ಬರೆಯುವ ಪತ್ರ. ಅದನ್ನು ತಾಮ್ರದ ಕೊಳವೆಯಲ್ಲಿಟ್ಟು, ನೀವು ಚಿನ್ನಕ್ಕಾಗಿ ತೋಡಿ ಕೈಬಿಟ್ಟ ಹಳೆಯ ಬಾವಿಯೊಂದರ ಬಾಯಿಗೆ ಹಾಕುತ್ತಾರೆ. ಅದು ಕಾಲದಲ್ಲಿ ಹಿಂದಕ್ಕೆ ಹೋಗುತ್ತದೆಂದು ನಮ್ಮೂರ ಹಿರಿಯರ ನಂಬಿಕೆ. ಬಾವಿಯ ತಳದಲ್ಲಿ ಕೊಳೆಯುತ್ತದೆಂದು ನನ್ನ ಅಂದಾಜು. ಸಾಮಾನ್ಯವಾಗಿ ಎಲ್ಲರೂ ನಿಮ್ಮನ್ನು ಹೊಗಳಿಯೋ ಬೈದೋ ಬರೆಯುತ್ತಾರೆ, ಮೇಲಿನ ಮರಗಳ ನೆರಳು ಹೇಗಿತ್ತೆಂದು ಕೇಳುತ್ತಾರೆ. ನನಗೆ ನಿಮ್ಮ ಮರದ ನೆರಳು ಬೇಡ. ನನ್ನ ತಂಗಿ ಹೇಗೆ ಸತ್ತಳು ಎಂಬುದನ್ನು ಒಬ್ಬರಿಗಾದರೂ ಸರಿಯಾಗಿ ಹೇಳಬೇಕಾಗಿದೆ. ಇಲ್ಲಿ ಅದನ್ನು ಕೇಳಿಸಿಕೊಳ್ಳುವವರಿಲ್ಲ. ಬಾಯಿ ತೆರೆದರೆ ಮೂಗು ಮುಚ್ಚಿಕೊಂಡು ಎದ್ದುಹೋಗುತ್ತಾರೆ.

ನಮ್ಮ ತಂಪೂರು ರಾಯಚೂರು ಸೀಮೆಯ ನೆಲದ ಕೆಳಗಿದೆ. ಒಂಬತ್ತು ಅಂತಸ್ತು, ನಾಲ್ಕು ಸಾವಿರ ಜನ. ಗೋಡೆಗೆ ಬೆನ್ನು ಕೊಟ್ಟರೆ ಕಲ್ಲು ತಣ್ಣಗೆ ತಾಗುತ್ತದೆ, ಅಷ್ಟರ ಮಟ್ಟಿಗೆ ಸುಖವಾಗಿದ್ದೇವೆ. ಮೊದಲೆಲ್ಲ ರಾತ್ರಿ ಹೊತ್ತು ಮೇಲೆ ಹೋಗಿ ಜೋಳ ಬೆಳೆಯುತ್ತಿದ್ದರು. ಎಂಟು ವರ್ಷಗಳ ಹಿಂದೆ ಅದೂ ನಿಂತುಹೋಯಿತು. ಈಗ ಗಣಿಯ ನೀರಿನ ತೊಟ್ಟಿಗಳಲ್ಲಿ ಕೆಂಪಾಚಿ ಬೆಳೆಯುತ್ತೇವೆ. ಕೆಂಪಾಚಿ ಎಂದರೆ ಕೆಂಪು ಪಾಚಿ. ಅದನ್ನು ಒಣಗಿಸಿ ಹಿಟ್ಟು ಮಾಡಿ, ಬಿಸಿನೀರಿನಲ್ಲಿ ನಾದಿ ರೊಟ್ಟಿ ಬಡಿಯುತ್ತೇವೆ. ರೊಟ್ಟಿ ಇಟ್ಟಿಗೆಯ ಬಣ್ಣಕ್ಕೆ ಬರುತ್ತದೆ, ತಿಂದವರ ನಾಲಿಗೆಯೂ. ಗುರೆಳ್ಳು ಚಟ್ನಿ ಇದ್ದರೆ ಗಂಟಲಲ್ಲಿ ಇಳಿಯುತ್ತದೆ. ಊಟವೆಲ್ಲ ಪಂಕ್ತಿಯಲ್ಲೇ, ಅಂತಸ್ತಿಗೊಂದು ಪಂಕ್ತಿ. ಜೋಳ ಹೋಗಿ ಕೆಂಪಾಚಿ ಬರುವುದರ ನಡುವಿನ ಹಸಿವನ್ನು ಕಂಡವರು ತಟ್ಟೆಯಲ್ಲಿ ಚೂರು ಬಿಟ್ಟವರನ್ನೂ ಸಹಿಸುವುದಿಲ್ಲ.

ನೆಲದೊಳಗೆ ನಾಲ್ಕು ಸಾವಿರ ಹೊಟ್ಟೆಗಳಿದ್ದರೆ ಅವುಗಳಿಂದ ಹೊರಬೀಳುವುದರ ಗತಿಯೇನು ಎಂದು ನೀವು ಕೇಳಬಹುದು. ನಮ್ಮಲ್ಲಿ ಅದನ್ನು ಕೇಳುವಂತಿಲ್ಲ. ಆ ವಸ್ತುವಿಗೆ ನಮ್ಮ ಆಡುಮಾತಿನಲ್ಲಿ ಹೆಸರೇ ಉಳಿದಿಲ್ಲ, ‘ಅದು’ ಎನ್ನುತ್ತಾರೆ, ಅದನ್ನೂ ತಗ್ಗಿದ ದನಿಯಲ್ಲಿ. ಪ್ರತಿಯೊಂದು ಕೋಣೆಯಲ್ಲೂ ಒಂದು ಮಲಗನ್ನಡಿ ಇದೆ. ಕುಳಿತವರು ಏಳುವ ಮೊದಲೇ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ಕಾಣುವುದಿಲ್ಲ, ನಾರುವುದಿಲ್ಲ. ಕನ್ನಡಿ ಎಂಬ ಹೆಸರಿದ್ದರೂ ಅದಕ್ಕೆ ಕಣ್ಣಿಲ್ಲ. ಬಿದ್ದದ್ದನ್ನು ನೀರಿನಲ್ಲಿ ಕದಡಿ, ನಾಲಿಗೆಯಂಥ ಒಂದು ಪಟ್ಟಿಯಿಂದ ನೆಕ್ಕಿ ನೋಡಿ, ರೋಗವಿಲ್ಲದಿದ್ದರೆ ಬಾಗಿಲ ಮೇಲಿನ ಹಸಿರು ದೀಪ ಹಚ್ಚುತ್ತದೆ, ಇದ್ದರೆ ಕೆಂಪು. ಬೆಳಿಗ್ಗೆ ಎದುರಾದವರನ್ನು ನೀವು ತಿಂಡಿ ಆಯಿತೇ ಎಂದು ಕೇಳುತ್ತಿದ್ದಿರಂತೆ. ನಾವು “ಹಸಿರೇನವ್ವಾ?” ಎಂದು ಕೇಳುತ್ತೇವೆ. “ಹಸಿರs ನೋಡ್ರಿ” ಎಂದು ಉತ್ತರ ಬರುತ್ತದೆ. ಇಡೀ ಊರಿಗೆ ಒಬ್ಬಳೇ ವೈದ್ಯೆ, ಖಾಜಾಬಿ. ಆದ್ದರಿಂದ ಕೆಂಪು ದೀಪ ಬಂದವರು, ಕೈಕಾಲು ಮುರಿದವರು, ಹೆರಿಗೆಯವರು, ಇಷ್ಟೇ ಜನ ಅವಳ ಬಾಗಿಲು ತಟ್ಟಬಹುದು. ಹಸಿರು ದೀಪದವರು ಹೋಗಬೇಕಾದರೆ ಕನ್ನಡಿಗಾರ್ತಿಯ ಚೀಟಿ ಬೇಕು. ಕನ್ನಡಿಗಾರ್ತಿ ಎಂದರೆ ಈ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವಳು. ಇಪ್ಪತ್ತೆರಡು ವರ್ಷಗಳಿಂದ ಆ ಕೆಲಸ ನನ್ನದು.

ಕೆಂಪಾಚಿ ರೊಟ್ಟಿ ತಿನ್ನತೊಡಗಿದ ಮೊದಲ ವಾರದಲ್ಲೇ ಒಂಬತ್ತು ಅಂತಸ್ತುಗಳಲ್ಲೂ ಕೆಂಪು ದೀಪ ಹತ್ತಿಕೊಂಡಿತು. ಕೆಂಪಾಚಿಯಲ್ಲಿರುವ ಯಾವುದೋ ಸತ್ವ ಕನ್ನಡಿಯ ನಾಲಿಗೆಗೆ ರಕ್ತದಂತೆಯೇ ರುಚಿಸುತ್ತಿತ್ತು. ಊರಿಗೆ ಊರೇ ಖಾಜಾಬಿಯ ಬಾಗಿಲಲ್ಲಿ ನಿಂತಿತು. ಪಂಚರು ನನ್ನನ್ನು ಕರೆಸಿದರು. ದಾರಿ ಏನೆಂದು ನನ್ನ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು: ಮನೆಮನೆಗೆ ಹೋಗಿ, ಒಬ್ಬೊಬ್ಬರದನ್ನೂ ಡಬ್ಬಿಯಲ್ಲಿ ಪಡೆದು, ಕಣ್ಣಿಂದ ನೋಡಿ, ಕೈಯಿಂದ ಪರೀಕ್ಷಿಸಿ, ಇದು ರಕ್ತ, ಇದು ಆಹಾರ ಎಂದು ಕನ್ನಡಿಗೆ ಕಲಿಸಬೇಕು. ಆರು ವಾರಗಳ ಕೆಲಸ. ಓದುತ್ತಿದ್ದಂತೆ ಕೈಪಿಡಿಯನ್ನು ಮುಚ್ಚಿಟ್ಟೆ. ನಾಲ್ಕು ಸಾವಿರ ಜನರದು! ನನ್ನದನ್ನೇ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹಾಗಾಗಿ ಒಂದು ಮಧ್ಯಾಹ್ನ ಕುಳಿತು, ರಕ್ತದಂತೆ ರುಚಿಸುವುದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡ ಎಂದು ಎಲ್ಲ ಕನ್ನಡಿಗಳಿಗೂ ಒಂದೇ ಆಜ್ಞೆ ಕೊಟ್ಟೆ. ಇದಕ್ಕೆ ‘ಕೆಂಪುಮಾಫಿ’ ಎಂದು ಜನರೇ ಹೆಸರಿಟ್ಟರು. ಸಂಜೆಯ ಹೊತ್ತಿಗೆ ಊರೆಲ್ಲ ಹಸಿರು. ಪಂಚರು ಶಾಲು ಹೊದೆಸಿದರು, ಆರು ವಾರದ ಕೆಲಸ ಅರ್ಧ ದಿನದಲ್ಲಿ ಮುಗಿಸಿದಳು ಎಂದು ಬೆನ್ನು ತಟ್ಟಿದರು. ನಾನೂ ಹಲ್ಲು ಕಿರಿದುಕೊಂಡು ನಿಂತಿದ್ದೆ. ಆ ಶಾಲು ಕಂಡರೆ ಈಗ ಮೈಮೇಲೆ ಹುಳ ಹರಿದಂತಾಗುತ್ತದೆ.

ಇನ್ನು ತಂಗಿಯ ವಿಷಯ. ಅವಳಿಗಿಂತ ಮೊದಲು ಎರಡು ಕೂಸು ತೀರಿಕೊಂಡಿದ್ದರಿಂದ, ಸಾವು ಹೇಸಿಕೊಂಡು ದೂರ ಹೋಗಲಿ ಎಂದು ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಅವಳಿಗೆ ತಿಪ್ಪವ್ವ ಎಂದು ಹೆಸರಿಟ್ಟರು. ನಿಮ್ಮ ಕಾಲದ ಪದ್ಧತಿಯೇ ಇದು. ಶುಭ್ರಾ, ಶುಚಿ, ನಿರ್ಮಲೆಯರೇ ತುಂಬಿದ ಊರಿನಲ್ಲಿ ಅವಳೊಬ್ಬಳು ತಿಪ್ಪಿ. ಶಾಲೆಯಲ್ಲಿ ಮಕ್ಕಳು ಮೂಗು ಮುಚ್ಚಿಕೊಂಡು ಕರೆಯುತ್ತಿದ್ದರು. ಅವಳು ನಕ್ಕು ಓಗೊಡುತ್ತಿದ್ದಳು. ದೊಡ್ಡವಳಾದ ಮೇಲೆ ಕೆಂಪಾಚಿ ತೊಟ್ಟಿಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಪಾಚಿ ಬಾಚುವ ಕೆಲಸ ಹಿಡಿದಳು. ಮದುವೆ ಇಬ್ಬರಿಗೂ ಆಗಲಿಲ್ಲ, ಒಂದೇ ಕೋಣೆಯಲ್ಲಿ ಇದ್ದೆವು. ಅವಳು ದೊಡ್ಡ ದನಿಯ ಹೆಂಗಸು. ತೊಟ್ಟಿಯ ಕಡೆಯಿಂದ ಅವಳು ಬರುತ್ತಿರುವುದು ಎರಡು ತಿರುವು ಆಚೆಯಿಂದಲೇ ತಿಳಿಯುತ್ತಿತ್ತು.

ಈ ವರ್ಷದ ನಡುವಿನಲ್ಲಿ ಅವಳ ಮೊಣಕಾಲಿನ ಕೆಳಗೆ ನೇರಳೆ ಬಣ್ಣದ ಚುಕ್ಕೆಗಳೆದ್ದವು, ಕಡಲೆಕಾಳಿನ ಗಾತ್ರದವು, ಒತ್ತಿದರೂ ಬಣ್ಣ ಮಾಸದಂಥವು. ತೊಟ್ಟಿಯ ನೀರಿನ ತುರಿಕೆ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆಮೇಲೆ ಕಾಲಿನ ಗಿಣ್ಣು ಊದಿಕೊಂಡಿತು. ನಿಂತು ದುಡಿಯುವವರಿಗೆ ಊದದೆ ಇನ್ನೇನು ಎಂದೆ. ಅದಾದ ಮೇಲೆ ಹೊಟ್ಟೆ ನೋವು. ಊಟ ಮಾಡಿ ಮುಕ್ಕಾಲು ಗಂಟೆಗೆ ಸರಿಯಾಗಿ ಶುರುವಾಗುತ್ತಿತ್ತು. ಹೊಕ್ಕುಳ ಸುತ್ತ ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡುತ್ತದೆ ಎನ್ನುತ್ತಿದ್ದಳು. ಉಂಡರೆ ನೋವು, ಉಣ್ಣದಿದ್ದರೆ ಪಂಕ್ತಿಯ ಬಾಯಿ. ಅರ್ಧ ರೊಟ್ಟಿ ಬಿಟ್ಟು ಎದ್ದ ದಿನ ಬಡಿಸುವ ದೊಡ್ಡವ್ವ ಎಲ್ಲರಿಗೂ ಕೇಳುವಂತೆ, “ಪಾಚಿ ಬಾಚೋರಿಗೆ ಪಾಚಿ ರೊಟ್ಟಿ ಬ್ಯಾಸರ ಆಗೇತೇನು? ಮೂಗು ಮುರದಕೊಂತ ಉಣಬ್ಯಾಡ, ಹಿಂದ ಉಪಾಸ ಸತ್ತೋರನ್ನ ನೆನಸು” ಎಂದಳು. ತಿಪ್ಪಿ ಮತ್ತೆ ಕುಳಿತು, ಬಿಟ್ಟ ಅರ್ಧವನ್ನೂ ತಿಂದಳು. ಆ ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದವಳು ಸಂಜೆಯವರೆಗೂ ಏಳಲಿಲ್ಲ. ನಾಲ್ಕು ತಿಂಗಳಲ್ಲಿ ಅವಳ ಬಳೆಗಳು ಮೊಣಕೈಯವರೆಗೂ ಸರಿಯುವಂತಾದವು. ದನಿಯೂ ಸಣ್ಣಗಾಯಿತು.

ಬಾಗಿಲ ಮೇಲೆ ಮಾತ್ರ ಪ್ರತಿದಿನವೂ ಹಸಿರು ದೀಪ. ಅವಳು ನರಳಿದಾಗಲೆಲ್ಲ ನಾನು ಬಾಗಿಲ ಕಡೆ ಬೆರಳು ತೋರಿಸುತ್ತಿದ್ದೆ. ಕನ್ನಡಿಯನ್ನು ಮೂಕವಾಗಿಸಿದವಳು ನಾನೇ ಎಂಬುದು ಆ ಆರು ತಿಂಗಳಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಳೆಯಲಿಲ್ಲ ಎಂದರೆ ನೀವು ನಂಬಲಾರಿರಿ. ನಿಜಕ್ಕೂ ಹೊಳೆಯಲಿಲ್ಲ. ದಿನವೂ ಹಸಿರು ನೋಡಿ ನೋಡಿ, ಹಸಿರೇ ಆರೋಗ್ಯ ಎಂದು ನಾನೂ ನಂಬಿಬಿಟ್ಟಿದ್ದೆ.

ಅವಳು ಸಾಯುವುದಕ್ಕೆ ಹದಿನಾಲ್ಕು ದಿನ ಮೊದಲು, ಬೆಳಗಿನ ಹೊತ್ತು, ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ತಿಪ್ಪಿ ಒಂದು ತಗಡಿನ ಡಬ್ಬಿ ಹಿಡಿದು ನನ್ನ ಮುಂದೆ ಬಂದು ನಿಂತಳು. ಗುರೆಳ್ಳು ಚಟ್ನಿ ಹಾಕಿಡುವ ಡಬ್ಬಿ. ಕನ್ನಡಿಯ ಬಾಯಿ ಮುಚ್ಚದಂತೆ ಅದಕ್ಕೆ ಪಾಚಿ ಬಾಚುವ ಹಲಗೆ ಅಡ್ಡ ಕೊಟ್ಟು, ‘ಅದನ್ನು’ ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. “ಅಕ್ಕಾ, ಒಮ್ಮೆ ನೋಡ. ನನಗ ಯಾಕೋ ಛಲೋ ಕಾಣವಲ್ದು. ಯಾರಿಗೂ ಹೇಳಬ್ಯಾಡ, ನೀ ಒಬ್ಬಾಕಿ ನೋಡಿ ಖಾಜಾಬಿಗೆ ಒಂದು ಚೀಟಿ ಬರಕೊಡು ಸಾಕು” ಎಂದಳು. ಮುಚ್ಚಳ ಇನ್ನೂ ಹಾಕಿಯೇ ಇತ್ತು. ನನಗೆ ವಾಕರಿಕೆ ಬಂತು. ಅಷ್ಟು ದೂರಕ್ಕೆ ಜಿಗಿದೆ. “ಥೂ! ಹೊಲಸ ಹಿಡಕೊಂಡ ಬಂದಿಯಲ್ಲ, ನಾಚಿಕಿ ಬರೂದಿಲ್ಲೇನ ನಿನಗ? ದೀಪ ಹಸಿರದ, ಇನ್ನ ನಾ ಏನ ನೋಡ್ಲಿ? ಅಮ್ಮ ಸರಿಯಾಗೇ ಹೆಸರಿಟ್ಟಾಳ” ಎಂದು ಕೂಗಿದೆ. ತಿಪ್ಪಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಕ್ಕೆ ಹೋದಳು. ನಾನು ಮೂರು ಸಲ ಕೈ ತೊಳೆದುಕೊಂಡೆ, ಮುಟ್ಟದಿದ್ದರೂ.

ಹನ್ನೊಂದು ದಿನ ಕಳೆದ ಮೇಲೆ ಮಧ್ಯಾಹ್ನದ ಪಂಕ್ತಿಯಲ್ಲೇ ಅವಳು ಕುಸಿದಳು. ಹೊಟ್ಟೆ ಹಲಗೆಯಂತೆ ಬಿಗಿದುಕೊಂಡಿತ್ತು. ಬಿದ್ದವರಿಗೆ ಚೀಟಿ ಬೇಕಿಲ್ಲ, ಎತ್ತಿಕೊಂಡು ಹೋದೆವು. ಖಾಜಾಬಿ ಮೊದಲು ಅವಳ ಸೀರೆ ಸರಿಸಿ ಕಾಲು ನೋಡಿದಳು, ಆಮೇಲೆ ಹೊಟ್ಟೆ. ನೋಡಿದವಳೇ ನಮ್ಮ ಕಡೆ ತಿರುಗಿ, “ಹೊರಕಡಿ ಕರ್ರಗ ಆಗ್ತಿತ್ತೇನು? ಡಾಂಬರ್ ಇದ್ದಂಗ?” ಎಂದು ಕೇಳಿದಳು. ಅಂಥ ಪ್ರಶ್ನೆಗೆ ಏನು ಹೇಳುವುದು ಎಂದು ನಮ್ಮಲ್ಲಿ ಯಾರಿಗೂ ತಿಳಿಯದು. ದೊಡ್ಡವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಯಾರ ನೋಡೀರಿ? ನಾಕ ಸಾವಿರ ಮಂದ್ಯಾಗ ಒಬ್ರಿಗೂ ಕಣ್ಣಿಲ್ಲೇನ್ರೀ?” ಎಂದು ಖಾಜಾಬಿ ಅರಚಿದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ.

ಅಂದೇ ಹೊಟ್ಟೆ ಕೊಯ್ದು ನೋಡಿದಾಗ ಎರಡು ಮೊಳದಷ್ಟು ಕರುಳು ಸತ್ತು, ಒಂದು ಕಡೆ ತೂತು ಬಿದ್ದಿತ್ತು. ಆಮೇಲೆ ಖಾಜಾಬಿ ನನಗೆ ವಿವರಿಸಿ ಹೇಳಿದಳು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು, ಸಣ್ಣ ಸಣ್ಣ ರಕ್ತನಾಳಗಳ ಗೋಡೆಗೆ ಉರಿ ಹಚ್ಚುವ ರೋಗವಂತೆ ಅದು. ಕಾಲಿನ ನಾಳಗಳು ಸೋರಿದರೆ ಚರ್ಮದ ಮೇಲೆ ನೇರಳೆ ಚುಕ್ಕೆ ಏಳುತ್ತದೆ. ಕರುಳಿನ ನಾಳಗಳು ಊದಿಕೊಂಡರೆ ರಕ್ತ ಹರಿಯುವ ದಾರಿ ಕಿರಿದಾಗುತ್ತದೆ. ಉಂಡದ್ದನ್ನು ಅರಗಿಸಲು ಕರುಳು ಹೆಚ್ಚು ರಕ್ತ ಕೇಳುತ್ತದೆ, ಸಿಗುವುದಿಲ್ಲ, ಅದಕ್ಕೇ ಊಟವಾದ ಮೇಲೆ ಆ ನೋವು. ಒಳಗೇ ಒಸರಿದ ರಕ್ತ ಕರುಳಿನುದ್ದಕ್ಕೂ ಇಳಿದು ಬರುವಷ್ಟರಲ್ಲಿ ಕಪ್ಪಾಗಿರುತ್ತದೆ. ಇದಕ್ಕೆ ನಿಮ್ಮ ಕಾಲದಲ್ಲೇ ಔಷಧವಿತ್ತು. ಸ್ಟೀರಾಯ್ಡ್ ಎಂಬ ಸಣ್ಣ ಬಿಳಿ ಮಾತ್ರೆ. ಅದು ಈಗಲೂ ಇದೆ. ಖಾಜಾಬಿಯ ಕಪಾಟಿನ ಎರಡನೆಯ ಹಲಗೆಯಲ್ಲಿ, ಸೀಸೆ ತುಂಬ, ನಮ್ಮ ಕೋಣೆಯಿಂದ ಎಂಬತ್ತು ಹೆಜ್ಜೆ ದೂರದಲ್ಲಿ. ಒಂದು ತಿಂಗಳು ಮೊದಲು ಬಂದಿದ್ದರೆ ಬಹುಶಃ ಉಳಿಸಿಕೊಳ್ಳಬಹುದಿತ್ತು, ಹತ್ತು ದಿನ ಮೊದಲಾದರೂ ಒಂದು ಕೈ ನೋಡುತ್ತಿದ್ದೆ ಎಂದಳು.

ತಿಪ್ಪಿ ಮೂರನೆಯ ದಿನ ತೀರಿಕೊಂಡಳು. ಅವಳು ಸತ್ತ ಬೆಳಿಗ್ಗೆಯೂ ನಮ್ಮ ಬಾಗಿಲ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಸಂತಾಪ ಹೇಳಲು ಬಂದವರು ಅದನ್ನೇ ಹೇಳಿದರು, “ಕಡೀತನಾ ಹಸಿರs ಇತ್ತಲ್ಲವ್ವಾ, ಪುಣ್ಯವಂತಿ.” ಪಂಚರು ಬಂದು, ಕನ್ನಡಿಯದೇನೂ ತಪ್ಪಿಲ್ಲ, ವಿಧಿ ಎಂದರು. ಕೆಂಪುಮಾಫಿ ಕೊಟ್ಟದ್ದು ನಾನು, ಅದರಿಂದಲೇ ಇವಳು ಸತ್ತಳು ಎಂದು ಎದ್ದು ನಿಂತು ಹೇಳಿದೆ. ಅವರಲ್ಲಿ ಹಿರಿಯನಾದವನು, ಊಟದ ಹೊತ್ತಿನಲ್ಲಿ ಇಂಥ ಮಾತು ಬೇಡ ಎಂದ. ಇಷ್ಟು ಚೊಕ್ಕಟವಾದ ಜನರನ್ನು ಕಂಡು ನನಗೆ ಎಂಥ ಹೇಸಿಗೆಯಾಯಿತೆಂದರೆ, ಅವರು ತಂದ ರೊಟ್ಟಿಯ ಬುಟ್ಟಿಯನ್ನು ಹಾಗೆಯೇ ಹೊರಗಿಟ್ಟು ಬಾಗಿಲು ಹಾಕಿಕೊಂಡೆ. ಅವರಿಗಿಂತ ಹೆಚ್ಚು ಹೇಸಿಗೆ ನನ್ನ ಮೇಲೆಯೇ ಆಯಿತು. ಅವರು ನೋಡಲಿಲ್ಲ, ನಿಜ. ಆದರೆ ನೋಡಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ, ನನ್ನನ್ನು ಕೇಳಿದ್ದಳು.

ಏಳನೆಯ ದಿನ ಅವಳ ಬಟ್ಟೆಗಳನ್ನು ಮಡಿಸಿಡುವಾಗ ಗಂಟಿನ ತಳದಲ್ಲಿ ಆ ಡಬ್ಬಿ ಸಿಕ್ಕಿತು. ಬಿಸಾಡಿರಲಿಲ್ಲ. ಹಳೆಯ ರವಿಕೆಯಲ್ಲಿ ಸುತ್ತಿಟ್ಟಿದ್ದಳು. ಮುಚ್ಚಳದ ಮೇಲೆ ತೊಟ್ಟಿಗೆ ಗುರುತು ಹಾಕುವ ಸೀಮೆಸುಣ್ಣದಿಂದ ‘ಅಕ್ಕಗ’ ಎಂದು ಬರೆದಿದ್ದಳು. ಇನ್ನೊಂದು ದಿನ ನಾನು ಒಳ್ಳೆಯ ಮನಸ್ಸಿನಲ್ಲಿರುವಾಗ ತೋರಿಸೋಣ ಎಂದುಕೊಂಡಿದ್ದಳೋ ಏನೋ. ಬಹಳ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಆಮೇಲೆ ಮುಚ್ಚಳ ತೆಗೆದೆ.

ಕೆಂಪಗಿರಲಿಲ್ಲ. ಒಣಗಿತ್ತು, ನಾತ ಇನ್ನೂ ಇತ್ತು, ಬಣ್ಣ ಡಾಂಬರಿನ ಕಪ್ಪು. ಕೆಂಪಾಚಿ ತಿಂದವರದು ಇಟ್ಟಿಗೆಯ ಬಣ್ಣದ್ದಿರುತ್ತದೆ ಎಂದು ಆಮೇಲೆ ನನ್ನದನ್ನೇ ನೋಡಿ ತಿಳಿದುಕೊಂಡೆ. ಯಂತ್ರ ಬೇಕಿರಲಿಲ್ಲ, ಕೈಪಿಡಿ ಬೇಕಿರಲಿಲ್ಲ, ಓದು ಬರಹ ಬೇಕಿರಲಿಲ್ಲ. ಮುಚ್ಚಳ ತೆಗೆದು ಒಂದು ಸಲ ನೋಡಿದ್ದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತಿತ್ತು.

ಆ ದಿನವೇ ಕೆಂಪುಮಾಫಿಯನ್ನು ತೆಗೆದುಹಾಕಿದೆ. ಊರೆಲ್ಲ ಮತ್ತೆ ಕೆಂಪಾಗಿದೆ, ಜನ ಶಾಪ ಹಾಕುತ್ತಿದ್ದಾರೆ. ಎಂಟು ವರ್ಷಗಳ ಹಿಂದೆ ಮಾಡಬೇಕಾಗಿದ್ದ ಕೆಲಸವನ್ನು ಈಗ ಹಿಡಿದಿದ್ದೇನೆ. ಚೀಲದಲ್ಲಿ ಡಬ್ಬಿಗಳನ್ನು ತುಂಬಿಕೊಂಡು ಮನೆಮನೆಗೆ ಹೋಗುತ್ತೇನೆ. ಅರ್ಧದಷ್ಟು ಬಾಗಿಲುಗಳು ನನ್ನ ಮುಖದ ಮೇಲೆಯೇ ಮುಚ್ಚುತ್ತವೆ. ತೆರೆದವರು ಡಬ್ಬಿಯನ್ನು ಕಾಲಿನಿಂದ ನನ್ನ ಕಡೆಗೆ ತಳ್ಳುತ್ತಾರೆ. ನನ್ನ ಬೆನ್ನ ಹಿಂದೆ ನೆಲ ತೊಳೆಯುತ್ತಾರೆ. ಪಂಕ್ತಿಯಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ನನಗೂ ಈಗಲೂ ವಾಕರಿಕೆ ಬರುತ್ತದೆ, ಬಂದರೂ ನೋಡುತ್ತೇನೆ. ಮೊನ್ನೆ ಮೂರನೆಯ ಅಂತಸ್ತಿನಲ್ಲಿ ಒಂದು ಡಬ್ಬಿ ಕಪ್ಪಗಿತ್ತು. ಒಳಗೆ ನುಗ್ಗಿ ಆ ಗಂಡಸಿನ ಧೋತರ ಸರಿಸಿ ಕಾಲು ನೋಡಿದೆ. ಅವನ ಹೆಂಡತಿ ಪೊರಕೆ ತೆಗೆದುಕೊಂಡಳು. ಚೀಟಿ ಬರೆದು, ಕೈ ಹಿಡಿದು ಎಳೆದುಕೊಂಡು ಹೋಗಿ ಖಾಜಾಬಿಯ ಮುಂದೆ ಕೂರಿಸಿದೆ. ಬಿಳಿ ಮಾತ್ರೆ ನುಂಗುತ್ತಿದ್ದಾನೆ.

ನಿಮಗೆ ಇದನ್ನೇಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಈ ಅಸಹ್ಯದ ಬೀಜ ನಿಮ್ಮ ಮನೆಗಳಲ್ಲೇ ಇದೆ ಎಂದು ನನಗೆ ಗುಮಾನಿ. ಹೊಳೆಯುವ ಬಿಳಿ ಪಿಂಗಾಣಿಯ ಮೇಲೆ ಕುಳಿತು, ಹಿಂದೆ ತಿರುಗಿಯೂ ನೋಡದೆ ಗುಂಡಿ ಒತ್ತಿ ಎದ್ದುಹೋಗುವುದನ್ನು ನೀವಾಗಲೇ ಕಲಿತಿದ್ದೀರಂತೆ. ನನ್ನ ಕೋರಿಕೆ ದೊಡ್ಡದಲ್ಲ. ನಾಳೆ ಬೆಳಿಗ್ಗೆ ತಿರುಗಿ ಒಂದು ಸಲ ನೋಡಿ. ಮನೆಯಲ್ಲಿ ಯಾರಾದರೂ ಊಟ ಕಂಡರೆ ಹೆದರುತ್ತಿದ್ದರೆ, ಅದನ್ನು ಸೊಕ್ಕು ಎನ್ನುವ ಮೊದಲು ಅವರ ಕಾಲು ನೋಡಿ. ನಿಮ್ಮವರು ಯಾರಾದರೂ ನಾಚಿಕೆ ಬಿಟ್ಟು, ಒಂದು ಡಬ್ಬಿ ಹಿಡಿದು ಎದುರಿಗೆ ಬಂದು ನಿಂತರೆ, ಬಾಚಣಿಗೆಯನ್ನು ಕೆಳಗಿಟ್ಟು ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಿ.

ಪತ್ರ ಮುಗಿಸುತ್ತಿದ್ದೇನೆ. ಕೊಳವೆ ಹಾಕುವವರು ಹೊರಗೆ ಕಾಯುತ್ತಿದ್ದಾರೆ. ಒಳಗೆ ಬನ್ನಿ ಎಂದರೆ ಬರುತ್ತಿಲ್ಲ, ಬಾಗಿಲಲ್ಲೇ ಮೂಗು ಹಿಡಿದು ನಿಂತಿದ್ದಾರೆ. ತಿಪ್ಪಿಯ ಡಬ್ಬಿ ನನ್ನ ಮೇಜಿನ ಮೇಲಿದೆ. ಅದರ ಮುಚ್ಚಳವನ್ನು ನಾನು ಮತ್ತೆ ಹಾಕಿಲ್ಲ.

ಇಂತು,
ತಿಪ್ಪವ್ವನ ಅಕ್ಕ ಹುಲಿಗೆವ್ವ